ಬಾಲಾಘಾಟದ ಮೂಡಣ ಸೆರಗು

ಬೆಟ್ಟದ ಮೇಲೆಯೇ ಮನೆಮಾಡಿಕೊಂಡವರಿಗೆ ಬೆಟ್ಟ ಕಾಣುವುದಿಲ್ಲ. ಹುಮನಾಬಾದ ಸೀಮೆಯ ಹುಡಗಿಯಂಥ ಊರಿನಲ್ಲಿ ನಿಂತು ಸುತ್ತ ದೃಷ್ಟಿ ಹರಿಯಿಸಿದವನಿಗೆ ತೊಗರಿ, ಜೋಳ, ಕಬ್ಬುಗಳ ಹೊಲಗಳು ಕಣ್ಣು ಹಾಯುವವರೆಗೆ ಹಬ್ಬಿರುವುದು ಕಾಣುವುದಲ್ಲದೆ, ಶಿಖರವೆಂದಾಗಲಿ ಕಂದರವೆಂದಾಗಲಿ ಹೆಸರಿಡತಕ್ಕ ವಸ್ತುವೊಂದೂ ಗೋಚರಿಸದು. ತಾನು ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ, ಸಹ್ಯಾದ್ರಿಯಿಂದ ಕವಲೊಡೆದು ಬಂದ ಪರ್ವತಶ್ರೇಣಿಯೊಂದರ ಕಡೆಯ ಅಂಚಿನ ಬೆನ್ನೇರಿ ನಿಂತಿರುವೆನೆಂದು ಯಾರಾದರೂ ಹೇಳಿದರೆ ಆತನು ನಕ್ಕುಬಿಟ್ಟಾನು. ಆದರೆ ಕಲಬುರಗಿಯ ಎರೆಭೂಮಿಯಿಂದ ಹೊರಟು ಕಮಲಾಪುರವನ್ನು ದಾಟಿ ಉತ್ತರಕ್ಕೆ ಬರುವವನ ಅನುಭವ ಬೇರೆ. ದಾರಿ ತಿರುವುಗೊಂಡು ಏರುವುದು, ಕಪ್ಪು ನೆಲ ಕೆಂಪಾಗುವುದು, ಇಕ್ಕೆಲದಲ್ಲಿ ತಲೆ ಚಪ್ಪಟೆಯಾದ ಗುಡ್ಡಗಳು ಒಂದೇ ಮಟ್ಟದಲ್ಲಿ ಸಾಲುಗಟ್ಟುವುವು.

ಈ ಶ್ರೇಣಿಗೆ ಬಾಲಾಘಾಟವೆಂದು ಹೆಸರು. ಸಹ್ಯಾದ್ರಿಯ ಹರಿಶ್ಚಂದ್ರ ಗಿರಿಪಂಕ್ತಿಯಿಂದ ಮೊದಲಾಗಿ ಆಗ್ನೇಯಾಭಿಮುಖವಾಗಿ ಬೀಡ, ಧಾರಾಶಿವ (ಹಿಂದಿನ ಉಸ್ಮಾನಾಬಾದ), ಲಾತೂರು ಪ್ರಾಂತಗಳ ಮೇಲೆ ಹಾಯ್ದು, ತುಳಜಾಪುರದ ಭವಾನಿಗೆ ನೆಲೆಯನ್ನಿತ್ತು, ಸುಮಾರು 320 ಕಿಲೋಮೀಟರು ಸಾಗಿ ಬಂದ ಮೇಲೆ ಅದು ಕನ್ನಡ ನಾಡಿನ ಈಶಾನ್ಯದ ಮೂಲೆಯಲ್ಲಿ ಬೀದರ ಪ್ರಸ್ಥಭೂಮಿಯಾಗಿ ಹರಡಿಕೊಳ್ಳುವುದು. ಪರ್ವತವೆಂದೊಡನೆ ಹಿಮಾಲಯವನ್ನೋ ಆಲ್ಪ್ಸನ್ನೋ ನೆನೆಯುವ ನಮ್ಮ ಮನಸ್ಸು ಇದನ್ನು ಆ ಕುಲಕ್ಕೆ ಸೇರಿಸಿಕೊಳ್ಳಲು ಹಿಂಜರಿಯುವುದು ಸಹಜವೇ. ಆಲ್ಪ್ಸ್ ಎರಡು ಖಂಡಗಳ ಒತ್ತಡಕ್ಕೆ ಸಿಕ್ಕಿ ನೆಲವೇ ಮಡಿಕೆಗೊಂಡು ಮೇಲೆದ್ದ ಪರ್ವತ. ಬಾಲಾಘಾಟವಾದರೋ ಏಳದೆ ಉಳಿದುದರಿಂದಲೇ ಪರ್ವತವಾದದ್ದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಲಾವಾರಸವು ಪದರದ ಮೇಲೆ ಪದರವಾಗಿ ಹರಡಿ ಹೆಪ್ಪುಗಟ್ಟಿ ದಖ್ಖನದ ಕಪ್ಪು ಶಿಲೆಯಾಯಿತು. ಮುಂದೆ ಮಾಂಜ್ರಾ ಉತ್ತರದಿಂದಲೂ, ಭೀಮೆಯ ಉಪನದಿಗಳು ದಕ್ಷಿಣದಿಂದಲೂ ಆ ಶಿಲೆಯನ್ನು ಯುಗಯುಗಾಂತರಗಳಿಂದ ಕೊರೆದು ಒಯ್ದ ಬಳಿಕ, ನಡುವೆ ಕೊರೆಯದೆ ಉಳಿದ ಭಾಗವೇ ಈ ಶ್ರೇಣಿ.

ಎತ್ತರವೊಂದನ್ನೇ ಪರ್ವತದ ಲಕ್ಷಣವೆಂದು ಎಣಿಸುವುದು ನನಗೆ ಸಮ್ಮತವಲ್ಲ. ನೀರನ್ನು ಯಾವ ಕಡೆಗೆ ಕಳುಹಿಸುವುದು ಎಂಬುದನ್ನು ನಿಶ್ಚಯಿಸುವ ಅಧಿಕಾರ ಯಾವುದಕ್ಕಿದೆಯೋ ಅದೇ ಪರ್ವತ. ಆಲ್ಪ್ಸಿನ ಗೊಟ್ಹಾರ್ಡ್ ಪ್ರದೇಶದಲ್ಲಿ ಒಂದೇ ಗಿರಿಸಮೂಹದಿಂದ ಹೊರಟ ರೈನ್ ನದಿ ಉತ್ತರ ಸಮುದ್ರವನ್ನೂ, ರೋನ್ ನದಿ ಮೆಡಿಟರೇನಿಯನ್ನನ್ನೂ ಸೇರುವುದನ್ನು ಭೂಗೋಳದ ಪುಸ್ತಕಗಳು ವಿಸ್ಮಯದಿಂದ ಹೇಳುವುವು. ನಮ್ಮ ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳಲ್ಲಿಯೂ ನಡೆಯುವುದು ಅದೇ. ಇಲ್ಲಿ ಹುಟ್ಟುವ ಮುಲ್ಲಾಮಾರಿ ದಕ್ಷಿಣಕ್ಕೆ ತಿರುಗಿ ಕಾಗಿಣಾ, ಭೀಮೆಗಳ ಮೂಲಕ ಕೃಷ್ಣೆಯ ಪಾಲಾಗುವುದು; ಚುಳಕಿನಾಲೆಯೂ ಕಾರಂಜಾ ನದಿಯೂ ಮಾಂಜ್ರಾವನ್ನು ಹಿಡಿದು ಗೋದಾವರಿಗೆ ಸಲ್ಲುವುವು. ಬೀದರ ಜಿಲ್ಲೆಯಲ್ಲಿ ಸುಮಾರು 4,400 ಚದರ ಕಿಲೋಮೀಟರು ಗೋದಾವರಿಯ ಕಣಿವೆಗೆ ಸೇರಿದ್ದರೆ ಕೃಷ್ಣೆಯ ಕಣಿವೆಗೆ ಸೇರಿದ್ದು 585ರಷ್ಟು ಮಾತ್ರ. ಮಾಂಜ್ರಾ ಸ್ವತಃ ಇದೇ ಬಾಲಾಘಾಟದ ಮಗಳು. ಬೀಡ ಜಿಲ್ಲೆಯ ಪಾಟೋದಾ ತಾಲ್ಲೂಕಿನಲ್ಲಿ ಹುಟ್ಟಿ 724 ಕಿಲೋಮೀಟರು ಹರಿದು ಕಂದಕುರ್ತಿಯಲ್ಲಿ ಗೋದಾವರಿಯನ್ನು ಸೇರುತ್ತಾಳೆ.

ಈ ಪ್ರಸ್ಥಭೂಮಿಯ ನಿಜವಾದ ವೈಶಿಷ್ಟ್ಯವನ್ನು ಕಾಣಬೇಕಾದರೆ ಹಳೆಯ ತೋಡುಬಾವಿಯೊಂದರ ದಂಡೆಯಲ್ಲಿ ಬಗ್ಗಿ ನೋಡಬೇಕು. ಮೇಲೆ ಒಂದೆರಡು ಮೊಳ ಕೆಂಪು ಮಣ್ಣು. ಅದರ ಕೆಳಗೆ ಕಬ್ಬಿಣದ ತುಕ್ಕಿನ ಬಣ್ಣದ, ಗೆದ್ದಲು ತಿಂದ ಮರದಂತೆ ರಂಧ್ರರಂಧ್ರವಾದ ಜಂಬಿಟ್ಟಿಗೆ ಕಲ್ಲು. ಆಳಕ್ಕಿಳಿದಂತೆ ಆ ಕಲ್ಲು ಮೆತ್ತಗಾಗಿ, ಹಳದಿಗೂಡಿ, ಕೊನೆಗೆ ನುಣುಪಾದ ಬಿಳಿಯ ಶೇಡಿಮಣ್ಣಾಗುವುದು. ಎಲ್ಲಕ್ಕೂ ಅಡಿಯಲ್ಲಿ ಸಲಿಕೆಗೆ ಜಗ್ಗದ ಕಪ್ಪು ಬಂಡೆ. ಈ ನಾಲ್ಕೂ ಮೂಲತಃ ಒಂದೇ ಶಿಲೆಯೆಂದರೆ ನಂಬುವುದು ಕಷ್ಟ. ಉಷ್ಣವೂ ಆರ್ದ್ರತೆಯೂ ಅಧಿಕವಾಗಿದ್ದ ಪ್ರಾಚೀನ ಕಾಲದಲ್ಲಿ ಮಳೆಯ ನೀರು ಲಾವಾಶಿಲೆಯೊಳಗಿನ ಸಿಲಿಕಾಂಶವನ್ನು ಕರಗಿಸಿ ಒಯ್ದು, ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನ ಅಂಶಗಳನ್ನು ಮಾತ್ರ ಬಿಟ್ಟುಹೋದುದರಿಂದ ಮೇಲ್ಪದರವು ಹೀಗೆ ಮಾರ್ಪಟ್ಟಿತು. ನೆಲದಲ್ಲಿರುವಾಗ ಕೊಡಲಿಯಿಂದ ಕಡಿಯಬಹುದಾದಷ್ಟು ಮೃದುವಾಗಿರುವ ಈ ಕಲ್ಲು ಗಾಳಿಬಿಸಿಲುಗಳಿಗೆ ಬಿದ್ದ ಮೇಲೆ ಗಟ್ಟಿಯಾಗುವುದು. ಬೀದರ ಕೋಟೆಯ ಮೂರು ಸಾಲಿನ ಕಂದಕವನ್ನು ಈ ಬಂಡೆಯಲ್ಲಿಯೇ ಕಡೆದು ತೆಗೆದ ಸಾಹಸವು ಕಲ್ಲಿನ ಈ ಗುಣವಿಲ್ಲದೆ ಕೈಗೂಡುತ್ತಿರಲಿಲ್ಲ. ಬಿದರಿಯ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹಕ್ಕೆ ಆ ಗಾಢವಾದ ಕಪ್ಪನ್ನು ತರುವುದು ಕೋಟೆಯೊಳಗಿನ ಹಳೆಯ ಮಣ್ಣಿನಿಂದಲೇ ಎಂಬುದನ್ನೂ ಇಲ್ಲಿ ನೆನೆಯಬಹುದು.

ರಂಧ್ರಮಯವಾದ ಕೆಂಗಲ್ಲಿನ ಮೂಲಕ ಇಳಿದ ಮಳೆನೀರು ಶೇಡಿಯನ್ನು ಮುಟ್ಟಿದ ಮೇಲೆ ಕೆಳಗೆ ಹೋಗಲಾರದೆ ಅಡ್ಡಡ್ಡವಾಗಿ ಸರಿದು, ಪ್ರಸ್ಥಭೂಮಿ ಮುಗಿಯುವ ಅಂಚಿನಲ್ಲಿ ಝರಿಯಾಗಿ ಹೊರಬೀಳುವುದು. ಬೀದರಿನ ನಾನಕ ಝೀರಾ, ಎದೆಮಟ್ಟದ ನೀರಿನಲ್ಲಿ ನಡೆದುಹೋಗಿ ದರ್ಶನ ಪಡೆಯಬೇಕಾದ ಝರಣಿ ನರಸಿಂಹನ ಗುಹೆ ಇವೆಲ್ಲ ಈ ಏರ್ಪಾಡಿನ ಫಲಗಳೇ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಷಾ ಬಯಲಿನ ಕಲಬುರಗಿಯನ್ನು ಬಿಟ್ಟು ರಾಜಧಾನಿಯನ್ನು ಬೀದರಿನ ಎತ್ತರಕ್ಕೆ ಒಯ್ದುದಕ್ಕೆ ಇತಿಹಾಸಕಾರರು ಹಲವು ಕಾರಣಗಳನ್ನು ಕೊಡುವರು. ಅವುಗಳಲ್ಲಿ ಈ ಅಂತರ್ಜಲಕ್ಕೂ ಒಂದು ಸ್ಥಾನ ಸಲ್ಲಬೇಕೆಂದು ನನ್ನ ಅಭಿಪ್ರಾಯ. ಪಾರಸಿಕ ದೇಶದ ವಿದ್ಯೆಯನ್ನನುಸರಿಸಿ ಅಲ್ಲಿ ತೋಡಿದ ಕರೇಜ್ ಎಂಬ ಸುರಂಗನಾಲೆ, ಕೆಂಗಲ್ಲಿನಲ್ಲಿ ತುಂಬಿದ ನೀರನ್ನು ಯಂತ್ರದ ಹಂಗಿಲ್ಲದೆ ಇಳಿಜಾರೊಂದನ್ನೇ ನಂಬಿ ನಗರಕ್ಕೆ ತರುತ್ತಿದ್ದಿತು; ಗಾಳಿಬೆಳಕಿಗಾಗಿಯೂ ಹೂಳೆತ್ತುವುದಕ್ಕಾಗಿಯೂ ಅದರ ಉದ್ದಕ್ಕೂ ಬಾವಿಯಂಥ ಕಿಂಡಿಗಳನ್ನು ಇಳಿಯಿಸಿದ್ದರು. ಕೇರಳದ ಭೂಗೋಳದ ಅಧ್ಯಾಪಕ ಗೋವಿಂದನ್‌ಕುಟ್ಟಿಯವರು ಬೀದರಿನ ಬಳಿಯ ನೌಬಾದಿನ ಕರೇಜನ್ನು ಹೊಕ್ಕು ಅಳೆದು ನಕ್ಷೆ ಮಾಡಿದ ಮೇಲೆಯೇ ನಮ್ಮವರು ಅದರ ಕಡೆಗೆ ಕಣ್ಣು ತೆರೆದರು.

ಕಲ್ಯಾಣದ, ಎಂದರೆ ಇಂದಿನ ಬಸವಕಲ್ಯಾಣದ, ವಿಷಯವನ್ನು ಇಲ್ಲಿ ವಿಸ್ತರಿಸಲಾರೆ. ಚಾಲುಕ್ಯ ಸೋಮೇಶ್ವರನು ರಾಜಧಾನಿಗೆಂದು ಈ ಗುಡ್ಡಗಳ ನಡುವಣ ಸ್ಥಳವನ್ನು ಆರಿಸಿದನು. ಮುಂದೆ ಶರಣರ ಹೆಸರನ್ನು ಹೊತ್ತ ಅಕ್ಕನಾಗಮ್ಮನ ಗವಿ ಮೊದಲಾದುವೂ ಈ ನೆಲದಲ್ಲಿಯೇ ಇವೆ.

ಶ್ರೇಣಿಯ ದಕ್ಷಿಣದ ಇಳುಕಲಿನಲ್ಲಿ ಚಿಂಚೋಳಿಯ ಕಾಡಿದೆ. ಬಿಸಿಲಿಗೆ ಹೆಸರಾದ ಈ ಭಾಗದಲ್ಲಿ ಕಾಡೇ ಎಂದು ಕೇಳುವವರುಂಟು. ಆದರೆ 2011ರಲ್ಲಿ ಸರಕಾರವು ಅದನ್ನು ವನ್ಯಜೀವಿಧಾಮವೆಂದು ಸಾರಿತು, ಚಂದ್ರಂಪಳ್ಳಿಯ ಜಲಾಶಯ ಅದರ ನಡುವೆಯೇ ಇದೆ. ಪಶ್ಚಿಮಕ್ಕೆ ಕಮಲಾಪುರದ ಸುತ್ತ, ಗುಡ್ಡಗಳು ಮೂರು ಕಡೆಯಿಂದ ತಬ್ಬಿದ ಕಣಿವೆಯ ಹೊಲಗಳಲ್ಲಿ, ಭೌಗೋಳಿಕ ಸೂಚಿಯ ಮನ್ನಣೆಯನ್ನು ಪಡೆದ ಕೆಂಪು ಬಾಳೆ ಬೆಳೆಯುವುದು. ಬಯಲಿನ ರೈತನು ಅದನ್ನು ತಂದು ನೆಟ್ಟರೂ ಅಲ್ಲಿಯ ರುಚಿ ಬರುವುದಿಲ್ಲವೆಂದು ಆ ಕಡೆಯವರು ಹೆಮ್ಮೆಯಿಂದ ಹೇಳುವರು.

ಬೆಟ್ಟವೇ ಇಲ್ಲವೆಂಬವರಿಗೆ ಕಟ್ಟಕಡೆಗೆ ಉತ್ತರ ಹೇಳಿದವರು ರೈಲ್ವೆಯ ಎಂಜಿನಿಯರುಗಳು. ಬೀದರದಿಂದ ಹುಮನಾಬಾದಿನ ಮೇಲೆ ಕಲಬುರಗಿಗೆ ಹಳಿ ಹಾಸಿ ಬಂದ ಅವರಿಗೆ ಮರಗುತ್ತಿಯ ಬಳಿ ಪ್ರಸ್ಥಭೂಮಿಯ ಅಂಚು ಅಡ್ಡವಾಯಿತು. ಒಂದೂವರೆ ಕಿಲೋಮೀಟರಿಗೂ ಮಿಗಿಲಾದ ಸುರಂಗವನ್ನು ಕೊರೆದಲ್ಲದೆ ಕೆಳಗಿಳಿಯುವ ಉಪಾಯ ತೋರಲಿಲ್ಲ. ಸುಮಾರು 110 ಕಿಲೋಮೀಟರಿನ ಆ ಮಾರ್ಗವು ವರ್ಷಗಟ್ಟಲೆ ಕುಂಟುತ್ತ ಸಾಗಿ 2017ರ ಅಕ್ಟೋಬರ 29ರಂದು ಲೋಕಾರ್ಪಣೆಗೊಂಡಿತು.