ಬೆಳೆಯುವ ಕಚೇರಿಗೆ ಎಂಥ ದೂರವಾಣಿ?

ಅಂಗಡಿಯಾಗಲಿ ಕಚೇರಿಯಾಗಲಿ, ಬೆಳೆಯತೊಡಗಿದಾಗ ಮೊದಲು ಸಾಲದೆ ಬರುವುದು ದೂರವಾಣಿ. ಕುರ್ಚಿ ಸಾಲದಿದ್ದರೆ ಬಂದವರು ನಿಂತಾದರೂ ಮಾತನಾಡಿಯಾರು. ಫೋನಿನಲ್ಲಿ ಬಂದವರು ಉತ್ತರ ಸಿಗದೆ ಹಿಂದಿರುಗಿದರೆ, ಅವರು ಬಂದಿದ್ದರೆಂಬುದೇ ನಮಗೆ ತಿಳಿಯುವುದಿಲ್ಲ.

ನಮ್ಮ ಯಾದಗಿರಿ ಸೀಮೆಯ ಒಂದು ಅಡತಿ ಅಂಗಡಿಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಶಹಾಪುರ, ಸುರಪುರಗಳ ಹೊಲಗಳಿಗೆ ಬಂದ ಮೇಲೆ ಭತ್ತದ ವ್ಯಾಪಾರ ಬೆಳೆಯಿತು. ಹತ್ತಿ, ತೊಗರಿಗಳಂತೂ ಇದ್ದೇ ಇವೆ. 2009ರ ಡಿಸೆಂಬರ್ 30ರಂದು ಯಾದಗಿರಿಯು ಜಿಲ್ಲೆಯಾದ ಬಳಿಕ ಇಲ್ಲಿ ಕಚೇರಿಗಳೂ ಹೆಚ್ಚಿದವು. ಅಂಗಡಿಯವರು ಯಾದಗಿರಿಯಲ್ಲಿ ಮುಖ್ಯ ಕಚೇರಿಯನ್ನೂ ಉಳಿದೆರಡು ಊರುಗಳಲ್ಲಿ ಒಂದೊಂದು ಶಾಖೆಯನ್ನೂ ತೆರೆದರೆನ್ನಿ. ಮೂರು ಊರಿಗೆ ಮೂರು ಸಂಕೇತಸಂಖ್ಯೆ: ಯಾದಗಿರಿಗೆ 08473, ಶಹಾಪುರಕ್ಕೆ 08479, ಸುರಪುರಕ್ಕೆ 08443. ಧಾರಣೆ ಬಲ್ಲವರು ಒಂದು ಕಡೆ, ಲೆಕ್ಕ ಬರೆಯುವವರು ಇನ್ನೊಂದು ಕಡೆ. ಹುಣಸಗಿ ಕಡೆಯ ರೈತ ಸುರಪುರಕ್ಕೆ ಫೋನು ಮಾಡಿದರೆ ‘ಯಾದಗಿರಿಗೆ ಕೇಳ್ರಿ’ ಎನ್ನುತ್ತಾರೆ. ಯಾದಗಿರಿಯ ಲೈನು ಬಿಡುವಿಲ್ಲ. ಧಾರಣೆ ತಿಳಿಯದೆಯೇ ಆತ ಟ್ರ್ಯಾಕ್ಟರಿಗೆ ಬಾಡಿಗೆ ಕೊಟ್ಟು ಮಾಲು ತರುತ್ತಾನೆ. ಧಾರಣೆ ಇಳಿದಿದ್ದರೆ ನಷ್ಟ ಅವನದು. ಮರುವರ್ಷ ಆತ ಬೇರೆ ಅಂಗಡಿಗೆ ಹೋದರೆ ನಷ್ಟ ಇವರದು. ಈ ರೈತನ ಪ್ರಶ್ನೆಗೆ ಒಂದೇ ಕರೆಯಲ್ಲಿ ಉತ್ತರ ದೊರೆಯಬೇಕು. ದೂರವಾಣಿಯ ಏರ್ಪಾಡು ಯಾವುದೇ ಇರಲಿ, ಅದನ್ನು ಅಳೆಯಬೇಕಾದ ಕೋಲು ಇದೇ.

ಈಗ ಮಾರಾಟಗಾರರು ಹೊತ್ತು ತರುವುದು ಇಂಟರ್‌ನೆಟ್ಟಿನ ಮೂಲಕ ನಡೆಯುವ ದೂರವಾಣಿ. ಅದರ ಕೆಲಸ ಹೇಗೆಂಬುದನ್ನು ಸ್ವಲ್ಪ ತಿಳಿದುಕೊಂಡರೆ ಆಯ್ಕೆ ಸುಲಭವಾದೀತು. ಗ್ರಹಾಂ ಬೆಲ್ಲನು 1876ರಲ್ಲಿ ಪೇಟೆಂಟು ಪಡೆದ ದೂರವಾಣಿಯಲ್ಲಿ ಇಬ್ಬರ ನಡುವೆ ಒಂದು ತಂತಿ ಬೇಕಾಗಿತ್ತು. ಮಾತು ಮುಗಿಯುವ ತನಕ ಆ ದಾರಿ ಅವರಿಬ್ಬರಿಗೇ ಮೀಸಲು. ಇಂಟರ್‌ನೆಟ್ಟಿನ ಫೋನಿನಲ್ಲಿ ಹಾಗಲ್ಲ. ಯಂತ್ರವು ನಮ್ಮ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಆ ಅಂಕಿಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಸಣ್ಣ ಕಟ್ಟುಗಳಾಗಿ ಕಟ್ಟಿ, ಪ್ರತಿಯೊಂದಕ್ಕೂ ವಿಳಾಸ ಬರೆದು, ಎಲ್ಲರೂ ನಡೆಯುವ ರಸ್ತೆಯಲ್ಲಿ ಬಿಡುತ್ತದೆ. ಆ ಕಡೆಯ ಯಂತ್ರ ಅವನ್ನು ಬಿಚ್ಚಿ ಮತ್ತೆ ಧ್ವನಿ ಮಾಡುತ್ತದೆ. ಕರೆಯನ್ನು ಯಾರಿಗೆ ಕೂಡಿಸಬೇಕೆಂಬುದನ್ನು ಒಂದು ಪ್ರೋಗ್ರಾಂ ನಿರ್ಧರಿಸುತ್ತದೆ. ಹೀಗಾಗಿ ಮೂರು ಊರುಗಳ ಶಾಖೆಗಳು ಒಂದೇ ಕಟ್ಟಡದ ಮೂರು ಕೋಣೆಗಳಂತಾಗುತ್ತವೆ. ಸುರಪುರದ ಗುಮಾಸ್ತರು ಎರಡು ಮೂರು ಅಂಕಿಗಳನ್ನೊತ್ತಿ ಕರೆಯನ್ನು ಯಾದಗಿರಿಗೆ ದಾಟಿಸಬಹುದು. ಕರೆ ಮಾಡುವ ರೈತನಿಗೆ ಇಂಟರ್‌ನೆಟ್ಟು ಬೇಕಿಲ್ಲ; ಅವನ ಸಾದಾ ಮೊಬೈಲು ಸಾಕು.

ಇದನ್ನು ಪಡೆಯಲು ಎರಡು ದಾರಿಗಳಿವೆ. ಒಂದು, ಎಕ್ಸ್‌ಚೇಂಜಿನ ಪೆಟ್ಟಿಗೆಯನ್ನು ಕೊಂಡು ಕಚೇರಿಯಲ್ಲೇ ಇಟ್ಟುಕೊಳ್ಳುವುದು. ಇದು ಸ್ವಂತ ಮನೆ. ಇನ್ನೊಂದು, ಕಂಪನಿಯ ಯಂತ್ರವನ್ನೇ ಬಳಸಿ ತಿಂಗಳಿಗಿಷ್ಟೆಂದು ಹಣ ಕೊಡುವುದು. ಇದು ಬಾಡಿಗೆ ಮನೆ. ಅಮೆರಿಕದ ಮಾರ್ಕ್ ಸ್ಪೆನ್ಸರ್ ಎಂಬ ತರುಣ ತನ್ನ ಸಣ್ಣ ಕಂಪನಿಗೆ ಎಕ್ಸ್‌ಚೇಂಜು ಕೊಳ್ಳುವಷ್ಟು ಹಣವಿಲ್ಲದೆ 1999ರಲ್ಲಿ ತಾನೇ ಒಂದು ಪ್ರೋಗ್ರಾಂ ಬರೆದ. ಅದರ ಹೆಸರು ಆಸ್ಟರಿಸ್ಕ್. ಯಾರು ಬೇಕಾದರೂ ಬೆಲೆ ಕೊಡದೆ ಬಳಸಬಹುದು. ಆದರೆ ಸ್ವಂತ ಮನೆ ಸೋರಿದರೆ ನಾವೇ ಹೆಂಚು ಸರಿಮಾಡಬೇಕಲ್ಲವೆ? ರಿಪೇರಿ ಬಲ್ಲವರು ಊರಲ್ಲಿದ್ದರೆ ಮಾತ್ರ ಪೆಟ್ಟಿಗೆ ಕೊಳ್ಳುವುದು ಲೇಸು. ಹತ್ತು ಹದಿನೈದು ಜನರ ಕಚೇರಿಗೆ ಮೊದಲು ಬಾಡಿಗೆಯೇ ಅನುಕೂಲ. ಒಪ್ಪಂದವನ್ನು ಬಿಡುವಾಗಿನ ಷರತ್ತುಗಳನ್ನು ಸೇರುವ ಮೊದಲೇ ಓದಿಕೊಳ್ಳಬೇಕು.

ಕಾನೂನಿನ ಮಾತೂ ಒಂದಿದೆ. ಇಂಟರ್‌ನೆಟ್ಟಿನ ಮೂಲಕ ಮಾತನಾಡಲು ನಮ್ಮ ದೇಶದಲ್ಲಿ 2002ರ ಏಪ್ರಿಲ್‌ನಲ್ಲಿ ಅನುಮತಿ ದೊರೆಯಿತಾದರೂ, ದೇಶದೊಳಗಿನ ಸಾಮಾನ್ಯ ಫೋನುಗಳಿಗೆ ಅದನ್ನು ಕೂಡಿಸುವ ದಾರಿ ಪರವಾನಗಿದಾರ ಕಂಪನಿಗಳಿಗೆ ಸ್ಪಷ್ಟವಾದದ್ದು 2018ರಲ್ಲಿ. ಆದ್ದರಿಂದ ಹೊರಗಿನ ಲೈನನ್ನು ಸರಕಾರದ ಪರವಾನಗಿ ಪಡೆದ ಕಂಪನಿಯಿಂದಲೇ ಪಡೆಯಬೇಕು. ಹತ್ತಾರು ಸಿಮ್ ಕಾರ್ಡುಗಳನ್ನು ಒಂದು ಪೆಟ್ಟಿಗೆಗೆ ತುಂಬಿ ‘ಅಗ್ಗಕ್ಕೆ ಮಾಡಿಕೊಡುತ್ತೇವೆ’ ಎನ್ನುವವರು ಬಂದರೆ ಬಾಗಿಲಿನಿಂದಲೇ ಕಳುಹಿಸಿಬಿಡಿ.

ಇನ್ನು ಲೈನಿನ ವಿಚಾರ. ಒಂದು ಕರೆಗೆ ಹೋಗುವಲ್ಲಿಯೂ ಬರುವಲ್ಲಿಯೂ ಸೆಕೆಂಡಿಗೆ ಸುಮಾರು 100 ಕಿಲೊಬಿಟ್ ಬೇಕೆಂದು ಹಿಡಿಯಿರಿ. ಹತ್ತು ಜನ ಏಕಕಾಲಕ್ಕೆ ಮಾತನಾಡಿದರೂ ಒಂದು ಮೆಗಾಬಿಟ್ ಆಯಿತು. ಇದು ದೊಡ್ಡ ಮೊತ್ತವಲ್ಲ. ತೊಡಕಿರುವುದು ವಿಳಂಬದಲ್ಲಿ. ಆಕಾಶವಾಣಿಯನ್ನು ಮೊಬೈಲಿನ ಇಂಟರ್‌ನೆಟ್ಟಿನಲ್ಲಿ ಕೇಳುವವರು ಒಂದು ಸಂಗತಿಯನ್ನು ಗಮನಿಸಿರಬಹುದು: ಪಕ್ಕದ ರೇಡಿಯೋದಲ್ಲಿ ಬಂದ ಮಾತು ಮೊಬೈಲಿನಲ್ಲಿ ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಕೇಳುವವರಿಗೆ ಇದರಿಂದ ಕೇಡಿಲ್ಲ, ಏಕೆಂದರೆ ರೇಡಿಯೋಕ್ಕೆ ನಾವು ಮರುಮಾತಾಡುವುದಿಲ್ಲ. ದೂರವಾಣಿಯಲ್ಲಿ ಹಾಗಲ್ಲ; ಒಂದು ಕಡೆಯ ಪಯಣಕ್ಕೆ 150 ಮಿಲಿಸೆಕೆಂಡು ಮೀರದಿದ್ದರೆ ಒಳಿತೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಅದನ್ನು ಬಹಳ ಮೀರಿದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ. ‘ಐದು ಸಾವಿರ’ದ ಮುಂದಿನ ‘ಇನ್ನೂರು’ ಕಿವಿಗೆ ಬೀಳದಿದ್ದರೆ ವ್ಯಾಪಾರ ಕೆಟ್ಟಂತೆಯೇ. ಆದಕಾರಣ ಕಂಪ್ಯೂಟರುಗಳ ಕೆಲಸಕ್ಕಿಂತ ಮಾತಿನ ಕಟ್ಟುಗಳಿಗೆ ಮೊದಲ ದಾರಿ ಬಿಡುವಂತೆ ರೌಟರನ್ನು ಹೊಂದಿಸಲು ಹೇಳಬೇಕು. ರಸ್ತೆ ಅಗೆಯುವಾಗ ಕೇಬಲ್ಲು ತುಂಡಾಗುವುದು ಎಲ್ಲ ಊರಿನ ಕತೆ. ಬೇರೆ ಕಂಪನಿಯ ನಿಸ್ತಂತು ಸಂಪರ್ಕವೊಂದನ್ನು ಆಪತ್ತಿಗೆಂದು ಇಟ್ಟುಕೊಂಡಿರಬೇಕು.

ವಿದ್ಯುತ್ತನ್ನಂತೂ ಮರೆಯಲೇಬಾರದು. ಹಳೆಯ ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟು ಹರಿದು ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಅದು ಮಾತನಾಡುತ್ತಿತ್ತು. ಹೊಸ ಫೋನಿಗೆ ಆ ಭಾಗ್ಯವಿಲ್ಲ. ಕರೆಂಟು ಹೋದರೆ ಫೋನೂ ಹೋಯಿತು, ರೌಟರೂ ಹೋಯಿತು. ಒಂದೇ ಕೇಬಲ್ಲಿನಲ್ಲಿ ಮಾತನ್ನೂ ವಿದ್ಯುತ್ತನ್ನೂ ಫೋನುಗಳಿಗೆ ಹಂಚುವ ಪೆಟ್ಟಿಗೆ ದೊರೆಯುತ್ತದೆ. ಅದಕ್ಕೂ ರೌಟರಿಗೂ ಒಂದು ಬ್ಯಾಟರಿ ಕೊಟ್ಟರೆ ಎಲ್ಲ ಫೋನುಗಳೂ ಉಳಿಯುತ್ತವೆ. ಬಿರುಗಾಳಿ ಎದ್ದ ಬೇಸಗೆಯ ಸಂಜೆಯೇ ಜನ ಹೆಚ್ಚಾಗಿ ಫೋನು ಮಾಡುವ ಹೊತ್ತೆಂಬುದನ್ನು ನೆನಪಿಡಬೇಕು.

ಸಂಖ್ಯೆ ಕಚೇರಿಯ ಹೆಸರಿದ್ದಂತೆ. ರೈತರ ಮನೆಯ ಗೋಡೆಯ ಮೇಲೂ ಕ್ಯಾಲೆಂಡರಿನ ಮೂಲೆಯಲ್ಲೂ ಬರೆದಿಟ್ಟ ಸಂಖ್ಯೆ ಒಮ್ಮೆಗೇ ಬದಲಾದರೆ ಅಂಗಡಿ ಊರು ಬಿಟ್ಟಂತೆ. 2011ರಿಂದ ದೇಶದಾದ್ಯಂತ ಮೊಬೈಲಿಗೆ ಇರುವ ‘ಕಂಪನಿ ಬದಲಿಸಿದರೂ ಸಂಖ್ಯೆ ಬದಲಾಗದ’ ಸೌಕರ್ಯ ಸ್ಥಿರ ದೂರವಾಣಿಗೂ ಇದೆಯೆಂದು ಭಾವಿಸಬಾರದು. ಹಳೆಯ ಸಂಖ್ಯೆ ಉಳಿಯುವುದೇ, ಅದಕ್ಕೆ ಬಂದ ಕರೆ ಹೊಸ ಏರ್ಪಾಡಿಗೆ ಬರುವುದೇ ಎಂಬುದನ್ನು ಕಂಪನಿಯಿಂದ ಲಿಖಿತವಾಗಿ ಪಡೆಯಬೇಕು.

ಕರೆ ಬಂದೊಡನೆ ನುಡಿಯುವ ಯಂತ್ರದ ಧ್ವನಿಯ ಬಗ್ಗೆ ಕನ್ನಡ ಕಲಿಸುವವನಾಗಿ ಒಂದು ಮಾತು. ಇಂಗ್ಲಿಷಿನ ಕ್ರಮವನ್ನು ಹಿಡಿದು ‘ಒಂದನ್ನು ಒತ್ತಿ, ಧಾರಣೆಗಾಗಿ’ ಎಂದರೆ, ವಿಷಯ ಕೇಳುವಷ್ಟರಲ್ಲಿ ಅಂಕಿ ಮರೆತಿರುತ್ತದೆ. ‘ಇವತ್ತಿನ ಧಾರಣಿ ಕೇಳಬೇಕಂದ್ರ ಒಂದು ಒತ್ತರಿ’ ಎಂಬುದು ನಮ್ಮ ಭಾಷೆಯ ಸಹಜ ನಡೆ. ವಿಷಯ ಮೊದಲು, ಅಂಕಿ ಕೊನೆಗೆ. ಆಯ್ಕೆಗಳು ಮೂರನ್ನು ಮೀರಬಾರದು. ಏನನ್ನೂ ಒತ್ತದವರ ಕರೆ ತಾನಾಗಿ ಒಬ್ಬ ಮನುಷ್ಯನಿಗೆ ಹೋಗಿ ಸೇರಬೇಕು. ಓದುಬರಹವಿಲ್ಲದ ಹಿರಿಯರು ಯಂತ್ರದೊಡನೆ ಹೆಣಗಬಾರದು.

ಕಳ್ಳರ ಭಯ ಇಲ್ಲಿಯೂ ಉಂಟು. ‘1234’ರಂಥ ಗುಪ್ತಸಂಖ್ಯೆ ಇಟ್ಟರೆ ರಾತ್ರಿ ಯಾರೋ ನಮ್ಮ ಲೈನಿನಿಂದ ಪರದೇಶಕ್ಕೆ ಮಾತನಾಡಿ ಬಿಲ್ಲನ್ನು ನಮ್ಮ ತಲೆಗೆ ಕಟ್ಟಿಯಾರು. ಬೇಡವಾದರೆ ವಿದೇಶದ ಕರೆಗಳನ್ನು ಮುಚ್ಚಿಸಿಬಿಡುವುದೇ ಮೇಲು.

ಕಡೆಗೆ, ಮೂರೂ ಊರುಗಳಲ್ಲಿ ಒಂದೇ ದಿನ ಬದಲಾಯಿಸುವ ಅವಸರ ಬೇಡ. ಮೊದಲು ಒಂದು ಶಾಖೆಯಲ್ಲಿ, ಸುಗ್ಗಿಯ ಒತ್ತಡವಿರುವ ತಿಂಗಳಲ್ಲೇ ಪರೀಕ್ಷಿಸಿ. ಹಳೆಯ ಫೋನು ಪಕ್ಕದಲ್ಲೇ ಇರಲಿ. ಬಂದ ಕರೆ ಎಷ್ಟು, ಉತ್ತರ ಸಿಗದೆ ನಿಂತವು ಎಷ್ಟು ಎಂಬ ಪಟ್ಟಿಯನ್ನು ಈ ಯಂತ್ರವೇ ಬರೆದಿಡುತ್ತದೆ. ತಿಂಗಳ ಕೊನೆಗೆ ಯಜಮಾನರು ಆ ಪಟ್ಟಿಯಲ್ಲಿ ಉತ್ತರ ಸಿಗದ ಸಂಖ್ಯೆಗಳನ್ನು ಮೊದಲು ನೋಡಲಿ. ಅವು ಕಡಿಮೆಯಾಗಿದ್ದರೆ ಉಳಿದ ಊರುಗಳಿಗೂ ತರಬಹುದು. ಇಲ್ಲವಾದರೆ ಫೋನಿನ ಮುಂದೆ ಇನ್ನೊಬ್ಬರನ್ನು ಕೂಡಿಸುವುದೇ ಸರಿಯಾದ ಖರ್ಚು.