ಹೊಸ್ತಿಲ ದೀಪಕ್ಕೆ ಒಂದು ಸಾಲು ಪೈಥಾನ್

ಕಾರ್ತಿಕದ ಸಂಜೆ ಬೆಂಗಳೂರಿನ ಕತ್ರಿಗುಪ್ಪೆಯ ಅಡ್ಡರಸ್ತೆಗಳಲ್ಲಿ ನಡೆದರೆ ಹೊಸ್ತಿಲುಗಳ ಮೇಲೆ ಹಣತೆಗಳು ಕಾಣುತ್ತವೆ. ಒಂದರ ಕುಡಿ ಬಾಗಿದಾಗ ಪಕ್ಕದ್ದು ನೆಟ್ಟಗಿರುತ್ತದೆ. ಈ ಬೀದಿಯನ್ನು ಸಿನಿಮಾಕ್ಕೆ ಚಿತ್ರೀಕರಿಸುವಾಗ ಗಾಳಿಗೆ ದೀಪಗಳು ಆರಿಹೋದವು ಎನ್ನಿ. ಬೆಳಕನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಬೇಕು. ಬೇರೆ ಬೇರೆ ಚಿತ್ರಿಕೆಗಳನ್ನು ಹೀಗೆ ಒಂದಾಗಿಸುವುದೇ ಕಾಂಪೋಸಿಟಿಂಗ್. 1977ರ ‘ಬಭ್ರುವಾಹನ’ದಲ್ಲಿ ಡಾ. ರಾಜ್‌ಕುಮಾರ್ ಅರ್ಜುನನಾಗಿಯೂ ಬಭ್ರುವಾಹನನಾಗಿಯೂ ತಮಗೆ ತಾವೇ ಎದುರಾದದ್ದು ಇದೇ ವಿದ್ಯೆಯ ಹಳೆಯ ರೂಪ.

ಇಂದು ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶಗಳಲ್ಲೊಂದು ನ್ಯೂಕ್. ಅಮೆರಿಕದ ಡಿಜಿಟಲ್ ಡೊಮೈನ್ ಸ್ಟುಡಿಯೊ 1993ರಲ್ಲಿ ಅದನ್ನು ತನ್ನ ಸ್ವಂತ ಬಳಕೆಗೆ ಕಟ್ಟಿಕೊಂಡಿತು; ಈಗ ಅದು ಲಂಡನ್ನಿನ ಫೌಂಡ್ರಿ ಕಂಪನಿಯದು. ಅದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ನೋಡ್, ಪ್ರತಿ ನೋಡ್‌ಗೂ ಬೆಲೆ ತುಂಬುವ ಕೆಲವು ನಾಬ್‌ಗಳು. ನಾಬ್‌ನಲ್ಲಿ ಒಂದು ಸಂಖ್ಯೆ ಬರೆದರೆ ದೀಪ ಒಂದೇ ಸಮ ಉರಿಯುತ್ತದೆ, ಟ್ಯೂಬ್‌ಲೈಟಿನಂತೆ. ಸಂಖ್ಯೆಯ ಬದಲು ಸೂತ್ರ ಬರೆದರೆ ಅದು ಎಕ್ಸ್‌ಪ್ರೆಷನ್. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಹತ್ತು ಸೆಕೆಂಡಿನ ದೃಶ್ಯದಲ್ಲಿ ಆ ಸೂತ್ರಕ್ಕೆ 240 ಹೊಸ ಉತ್ತರ. ಜ್ವಾಲೆಗೆ ಒಗ್ಗುವ ಸೂತ್ರವೂ ಸಿದ್ಧವಿದೆ. ಅದರ ಹೆಸರು ನಾಯ್ಸ್. ಬೆಲೆಯನ್ನು ಜಿಗಿಸದೆ ನಯವಾಗಿ ಏರಿಸಿ ಇಳಿಸುವ ಗಣಿತ ಅದು. ಈ ಬಗೆಯ ಗಣಿತವನ್ನು ರೂಪಿಸಿದ ಕೆನ್ ಪರ್ಲಿನ್‌ಗೆ 1997ರಲ್ಲಿ ಆಸ್ಕರ್‌ನ ತಾಂತ್ರಿಕ ಪ್ರಶಸ್ತಿ ಬಂತು.

ಆದರೆ ಬೀದಿಯಲ್ಲಿ ನಲವತ್ತು ಹಣತೆಗಳಿದ್ದು, ಎಲ್ಲವೂ ಒಂದೇ ತಾಳಕ್ಕೆ ತೂಗಿದರೆ ಕಣ್ಣು ನಂಬುವುದಿಲ್ಲ. ಇಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರುತ್ತದೆ. ಎಕ್ಸ್‌ಪ್ರೆಷನ್ನಿನೊಳಗೆ ಚೌಕ ಆವರಣ ತೆರೆದು, ಪೈಥಾನ್ ಎಂದು ಬರೆದು, ‘ನಾನಿರುವ ನೋಡ್‌ನ ಹೆಸರೇನು, ಅದರ ಕೊನೆಯಲ್ಲಿರುವ ಅಂಕಿ ಯಾವುದು’ ಎಂದು ಕೇಳಬಹುದು. ದೀಪಕ್ಕೊಂದು ನೋಡ್ ಇರುವುದರಿಂದ ಏಳನೆಯ ದೀಪಕ್ಕೆ ಏಳು ಸಿಗುತ್ತದೆ, ಎಂಟನೆಯದಕ್ಕೆ ಎಂಟು. ಫ್ರೇಮ್ ಸಂಖ್ಯೆಯ ಜೊತೆಗೆ ಆ ಅಂಕಿಯನ್ನೂ ನಾಯ್ಸ್‌ಗೆ ಕೊಟ್ಟರೆ ಒಂದೇ ಸಾಲು ನಲವತ್ತು ಕಡೆ ನಲವತ್ತು ಬಗೆಯಲ್ಲಿ ಉರಿಯುತ್ತದೆ. ನನಗೆ ಇದು ನಿಜಕ್ಕೂ ಚೆಂದದ ಉಪಾಯ.

ಹೊಸಬರು ಎಡವುವ ಜಾಗವೂ ಇದೇ. ಪೈಥಾನಿನ ರ‍್ಯಾಂಡಮ್ ಎಂಬ ಉಪಕರಣವನ್ನು ಮಿನುಗಿಗೆ ಬಳಸಿದರೆ ಅದು ಕೇಳಿದಾಗಲೆಲ್ಲ ಮನಬಂದ ಹೊಸ ಸಂಖ್ಯೆ ಕೊಡುತ್ತದೆ. ಇವತ್ತು ನಿರ್ದೇಶಕರು ಮೆಚ್ಚಿದ ಮಿನುಗು ನಾಳೆ ಮತ್ತೆ ರೆಂಡರ್ ಮಾಡಿದಾಗ, ಅಂದರೆ ಫ್ರೇಮುಗಳನ್ನು ಲೆಕ್ಕಹಾಕಿ ಹೊರತೆಗೆದಾಗ, ಇರುವುದಿಲ್ಲ. ನ್ಯೂಕ್‌ನ ಸ್ವಂತ ರ‍್ಯಾಂಡಮ್‌ಗೆ ಫ್ರೇಮ್ ಸಂಖ್ಯೆ ಕೊಟ್ಟರೆ ಅದೇ ಫ್ರೇಮಿಗೆ ಎಂದೆಂದಿಗೂ ಅದೇ ಉತ್ತರ. ಹಾಗಾಗಿ ಅದನ್ನೇ ಬಳಸುವುದು ಮೇಲು. ಇನ್ನೊಂದು ಮಾತು: ಎಕ್ಸ್‌ಪ್ರೆಷನ್ ಫ್ರೇಮ್ ಫ್ರೇಮಿಗೂ ಓಡುತ್ತದೆ. ಅದರೊಳಗಿಂದ ಡಿಸ್ಕಿನ ಕಡತ ತೆರೆಯುವಂಥ ಭಾರದ ಪೈಥಾನ್ ಬರೆದರೆ ಇಡೀ ದೃಶ್ಯ ತೆವಳುತ್ತದೆ. ಅಂಥ ಲೆಕ್ಕವನ್ನು ಹೊರಗೆ ಒಮ್ಮೆ ಮಾಡಿ, ಉತ್ತರಗಳನ್ನು ಆಯಾ ಫ್ರೇಮಿಗೆ ಕಟ್ಟಿಟ್ಟ ಬೆಲೆಗಳಾಗಿ, ಅಂದರೆ ಕೀಫ್ರೇಮ್‌ಗಳಾಗಿ ಕೂರಿಸಬೇಕು.

ಕಲಿಯುವ ಆಸೆಯಿದ್ದವರಿಗೆ ನ್ಯೂಕ್‌ನ ವಾಣಿಜ್ಯೇತರ ಆವೃತ್ತಿ ಉಚಿತವಾಗಿ ಸಿಗುತ್ತದೆ. ಮನೆಯ ಹೊಸ್ತಿಲನ್ನು ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ, ಮೊದಲು ಒಂದೇ ಒಂದು ದೀಪ ಹಚ್ಚಿ ನೋಡಿ.