ಜಿಪಿಎಸ್ ಬಂದ ಮೇಲೂ ಕಾಪು ದೀಪಸ್ತಂಭ ಯಾಕೆ ಉರೀತಿದೆ?

ಹೈದರಾಬಾದಿನಲ್ಲಿ ಕೂತು ಸಮುದ್ರದ ಬಗ್ಗೆ ಮಾತಾಡೋದು ಸ್ವಲ್ಪ ತಮಾಷೆಯೇ. ಇಲ್ಲಿ ಸಾಗರ ಅಂತ ಹೆಸರಿರೋದು ಹುಸೇನ್ ಸಾಗರಕ್ಕೆ, ಅದು ಕೆರೆ. ಆದರೂ ಗಚ್ಚಿಬೌಲಿ, ಕೊಂಡಾಪುರದ ಆಫೀಸುಗಳಲ್ಲಿ ಉಡುಪಿ, ಮಂಗಳೂರು, ಕಾರವಾರದ ಕಡೆಯ ಕನ್ನಡಿಗರು ಸಾಕಷ್ಟಿದ್ದಾರೆ. ರಜೆಗೆ ಊರಿಗೆ ಹೋದವರ ಸ್ಟೇಟಸ್‌ನಲ್ಲಿ ಕಾಪು ಲೈಟ್‌ಹೌಸ್ ಫೋಟೊ ಇದ್ದೇ ಇರುತ್ತೆ. ಮೊನ್ನೆ ನಮ್ಮ ಟೀಮಿನ ಹುಡುಗನೊಬ್ಬ ಅಂಥದ್ದೇ ಫೋಟೊ ತೋರಿಸಿ ಕೇಳಿದ: "ಸರ್, ಪ್ರತಿ ಫೋನಿನಲ್ಲೂ ಜಿಪಿಎಸ್ ಇದೆ. ಇದನ್ನ ಇನ್ನೂ ಯಾಕೆ ಉರಿಸ್ತಾರೆ?"

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹತ್ತಿಯಿಂದ ಶುರುವಾದ ಕತೆ

ದೀಪ ನೋಡಿ ದಡ ಗುರುತಿಸೋದು ಬಹಳ ಹಳೆಯ ಉಪಾಯ. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ದೊಡ್ಡ ದೀಪಗೋಪುರ ಇತ್ತು. ನಮ್ಮ ಪಕ್ಕದ ಮದ್ರಾಸನ್ನೇ ನೋಡಿ. 1796ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಟ್ಟಡವೊಂದರ ಮಾಳಿಗೆ ಮೇಲೆ ಎಣ್ಣೆ ದೀಪ ಇಟ್ಟರು. 1844ರಲ್ಲಿ ಕಲ್ಲಿನ ಕಂಬ ಬಂತು. 1894ರಲ್ಲಿ ದೀಪ ಹೈಕೋರ್ಟಿನ ಗೋಪುರಕ್ಕೆ ಹತ್ತಿತು. 1977ರಲ್ಲಿ ಮರೀನಾ ಬೀಚಿಗೆ ಇಳಿಯಿತು. ಒಂದೇ ಊರು, ನಾಲ್ಕು ಜಾಗ.

ಕರ್ನಾಟಕದ ಕರಾವಳಿಗೆ ಬರೋಣ. ಕಾರವಾರದ ಎದುರಿನ ದೇವಗಡ ದ್ವೀಪದಲ್ಲಿ 1864ರಲ್ಲಿ ದೀಪಸ್ತಂಭ ಆಯ್ತು. ಆ ಇಸವಿ ಗಮನಿಸಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಂದ ಹತ್ತಿ ಬರೋದು ನಿಂತು ಮ್ಯಾಂಚೆಸ್ಟರಿನ ಮಿಲ್ಲುಗಳಿಗೆ ಕಷ್ಟಕ್ಕಿಟ್ಟುಕೊಂಡಿತು. ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಏರಿಸೋಕೆ ಕಾರವಾರ ಬೇಕಾಯ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಬೊಂಬಾಯಿಗೆ ಸೇರಿಸಿದ್ದೂ ಇದೇ ಹೊತ್ತಿನಲ್ಲಿ. ಬಂದರು ಬೆಳೆಸಬೇಕಂದ್ರೆ ಹಡಗು ಬಂಡೆಗೆ ಬಡಿಯಬಾರದಲ್ಲ!

ಮದ್ರಾಸ್ ಪ್ರಾಂತದಲ್ಲೇ ಉಳಿದ ದಕ್ಷಿಣ ಕನ್ನಡದಲ್ಲಿ, ಕಾಪುವಿನ ಬಂಡೆಯ ಮೇಲೆ 1901ರಲ್ಲಿ ದೀಪಸ್ತಂಭ ಎದ್ದಿತು. ಎತ್ತರ ಸುಮಾರು 27 ಮೀಟರ್. ಮಂಗಳೂರಿನಲ್ಲಿ ಬಾವುಟಗುಡ್ಡೆಯನ್ನ ಜನ ಇವತ್ತಿಗೂ ಲೈಟ್‌ಹೌಸ್ ಹಿಲ್ ಅಂತಾರೆ, ಆದರೆ ದೀಪ 1972ರಲ್ಲೇ ಸುರತ್ಕಲ್ಲಿಗೆ ಹೋಯ್ತು. ಪಕ್ಕದ ಪಣಂಬೂರಿನ ಹೊಸ ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಹಡಗು ಎಲ್ಲಿಗೋ ದೀಪವೂ ಅಲ್ಲಿಗೆ.

ಹಳಗನ್ನಡದಲ್ಲಿ 'ಕಾಪು' ಅಂದ್ರೆ ಕಾವಲು. ಊರಿನ ಹೆಸರು ಅದರಿಂದಲೇ ಬಂತು ಅಂತ ನಾನು ವಾದಿಸಲ್ಲ. ಹೊಂದಿಕೆ ಮಾತ್ರ ಚೆನ್ನಾಗಿದೆ.

ಬಂಡೆ ಮೇಲೆ ಯಾಕೆ?

ಭೂಮಿ ಗುಂಡಗಿರೋದ್ರಿಂದ. ಲೆಕ್ಕ ಸುಲಭ: ಎತ್ತರ ಎಷ್ಟು ಮೀಟರೋ ಅದರ ವರ್ಗಮೂಲ ತಗೊಂಡು 3.57ರಿಂದ ಗುಣಿಸಿ. ದಿಗಂತ ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತೆ. ದೀಪ ನೀರಿನಿಂದ 25 ಮೀಟರ್ ಮೇಲಿದ್ದರೆ ಸುಮಾರು 18 ಕಿಲೋಮೀಟರ್. ದೋಣಿಯಲ್ಲಿ ನಿಂತವನ ಕಣ್ಣು 4 ಮೀಟರ್ ಎತ್ತರದಲ್ಲಿದ್ದರೆ ಅವನದು 7. ಎರಡೂ ಕೂಡಿಸಿದರೆ 25 ಕಿಲೋಮೀಟರ್ ದೂರದಿಂದಲೇ ದೀಪ ಕಾಣಬಹುದು. ದೀಪದ ಕಡೆಯ ದೂರ ಎರಡರಷ್ಟಾಗಬೇಕಂದ್ರೆ ಎತ್ತರ ನಾಲ್ಕರಷ್ಟಾಗಬೇಕು. ಅಷ್ಟು ಕಟ್ಟೋದಕ್ಕಿಂತ ಇರೋ ಬಂಡೆ, ಗುಡ್ಡದ ಮೇಲೆ ಕಟ್ಟೋದು ಜಾಣತನ.

ಒಳಗಡೆ ಏನೆಲ್ಲ ಬದಲಾಯ್ತು

ಬರೀ ಎತ್ತರ ಸಾಲದು, ಬೆಳಕು ಅಷ್ಟು ದೂರ ಹೋಗಬೇಕು. ಫ್ರಾನ್ಸಿನ ಫ್ರೆನೆಲ್ ಇಲ್ಲಿ ದೊಡ್ಡ ಕೆಲಸ ಮಾಡಿದ. ದಪ್ಪ ಮಸೂರದಲ್ಲಿ ಬೆಳಕು ಬಾಗೋದು ಮೇಲ್ಮೈಯಲ್ಲಿ, ನಡುವಿನ ಗಾಜು ಬರೀ ಭಾರ. ಅದನ್ನ ತೆಗೆದು ಉಂಗುರ ಉಂಗುರವಾಗಿ ಗಾಜು ಜೋಡಿಸಿದ. 1823ರಲ್ಲಿ ಕೊರ್ದುವಾನ್ ದೀಪಸ್ತಂಭದಲ್ಲಿ ಅದು ಮೊದಲು ಬೆಳಗಿತು. ಎಲ್ಲ ಕಡೆ ಚೆಲ್ಲಿ ಹೋಗ್ತಿದ್ದ ಬೆಳಕು ಒಂದೇ ಪಟ್ಟಿಯಾಗಿ ದಿಗಂತದ ಕಡೆ ಹೊರಟಿತು.

ಉರಿಯೋ ವಸ್ತುವೂ ಬದಲಾಗ್ತಾ ಬಂತು. ಎಣ್ಣೆ ಬತ್ತಿ ಹೋಗಿ ಸೀಮೆಎಣ್ಣೆ ಬಂತು. ಆಮೇಲೆ ಅದನ್ನ ಆವಿ ಮಾಡಿ ಮ್ಯಾಂಟಲ್ ಉರಿಸೋ ಬರ್ನರ್ ಬಂತು. ಹಳೆಯ ಯಕ್ಷಗಾನದ ಆಟದಲ್ಲಿ ಪೆಟ್ರೋಮ್ಯಾಕ್ಸ್ ನೋಡಿದವರಿಗೆ ಗೊತ್ತಾಗುತ್ತೆ, ಅದೇ ತತ್ವ. ಮಸೂರ ತಿರುಗಿಸೋಕೆ ಗಡಿಯಾರದ ಥರ ಯಂತ್ರ: ಭಾರದ ಗುಂಡು ನಿಧಾನಕ್ಕೆ ಕೆಳಗಿಳೀತಾ ತಿರುಗಿಸುತ್ತೆ, ಕಾವಲಿನವನು ಎದ್ದು ಮತ್ತೆ ಕೀಲಿ ಕೊಡಬೇಕು. ರಾತ್ರಿ ಪಾಳಿ ಮಾಡಿ, ಪೇಜರ್ ಬಡಿದಾಗ ಎದ್ದು ಕೂರೋ ನಮಗೆ ಇದು ಹೊಸದೇನಲ್ಲ.

ಆಟೊಮೇಷನ್ ಕೂಡ ನಮ್ಮ ಕಾಲದ್ದಲ್ಲ. ಸ್ವೀಡನ್ನಿನ ಗುಸ್ತಾಫ್ ಡಾಲೆನ್ ಬಿಸಿಲು ಬಿದ್ದರೆ ತಾನಾಗಿ ಗ್ಯಾಸ್ ಮುಚ್ಚೋ, ಕತ್ತಲಾದರೆ ತೆರೆಯೋ ಕವಾಟ ಮಾಡಿದ. ಕಪ್ಪು ಸರಳು ಬಿಸಿಲಿನ ಶಾಖ ಹೀರಿ ಹಿಗ್ಗುತ್ತೆ, ಹಿಗ್ಗಿದರೆ ಗ್ಯಾಸ್ ಬಂದ್. ಅಷ್ಟೇ! 1912ರಲ್ಲಿ ಅವನಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಅದೇ ವರ್ಷ ಗ್ಯಾಸ್ ಸ್ಫೋಟದಲ್ಲಿ ಕಣ್ಣು ಹೋಯ್ತು. ಲೋಕದ ದೀಪ ಕಾದವನ ಪಾಡು ನೋಡಿ. ಬ್ರಿಟನ್ನಿನ ಕೊನೆಯ ಕಾವಲುಗಾರರು 1998ರಲ್ಲಿ ನಾರ್ತ್ ಫೋರ್‌ಲ್ಯಾಂಡಿನಿಂದ ಇಳಿದು ಬಂದರು.

ಬದಲಾಗದೇ ಉಳಿದದ್ದು

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇಂಪ್ಲಿಮೆಂಟೇಷನ್ ಹಲವು ಸಲ ಬದಲಾಗಿದೆ, ಇಂಟರ್‌ಫೇಸ್ ಬದಲಾಗಿಲ್ಲ. ನೋಡುವವನಿಗೆ ಬೇಕಾದ್ದು ಎರಡೇ: ಕಣ್ಣು ಮತ್ತು ಎಣಿಕೆ. ಯಾಕಂದ್ರೆ ಪ್ರತಿ ದೀಪಕ್ಕೂ ಅದರದೇ ತಾಳ ಇರುತ್ತೆ. ಇಷ್ಟು ಸೆಕೆಂಡಿಗೆ ಇಷ್ಟು ಮಿಂಚು, ಆಮೇಲೆ ಕತ್ತಲು. ಅಕ್ಕಪಕ್ಕದ ದೀಪಗಳ ತಾಳ ಬೇರೆ ಬೇರೆ ಇಟ್ಟಿರ್ತಾರೆ, ನಕ್ಷೆಯಲ್ಲಿ ಬರೆದಿರ್ತಾರೆ. ಹಗಲಿಗೆ ಬಣ್ಣವೇ ಗುರುತು. ಕಾಪುವಿನ ಕಪ್ಪು ಬಿಳಿ ಪಟ್ಟೆ ಅಲಂಕಾರಕ್ಕಲ್ಲ, ಅದೂ ವಿಳಾಸವೇ.

ದುಡ್ಡು ಯಾರು ಕೊಡ್ತಾರೆ? 1927ರ ಭಾರತೀಯ ದೀಪಸ್ತಂಭ ಕಾಯ್ದೆ ಪ್ರಕಾರ ಬಂದರಿಗೆ ಬರುವ ಹಡಗುಗಳಿಂದ ದೀಪಶುಲ್ಕ ವಸೂಲಿ ಮಾಡ್ತಿದ್ದರು. ಸಣ್ಣ ದೋಣಿಗಳಿಗೆ ವಿನಾಯಿತಿ. 2021ರಲ್ಲಿ ಆ ಕಾಯ್ದೆಯ ಜಾಗಕ್ಕೆ ರೇಡಿಯೊ, ಉಪಗ್ರಹದ ಸಾಧನಗಳನ್ನೂ ಸೇರಿಸಿಕೊಂಡ ಹೊಸ ಕಾಯ್ದೆ ಬಂತು. ಅಂದ್ರೆ ದೀಪ ಹಾಕಿಸಿದ್ದು ದೊಡ್ಡ ಹಡಗಿನ ವ್ಯಾಪಾರಕ್ಕಾಗಿ, ಆದರೆ ಅದರ ಬೆಳಕು ಮೊಗವೀರರ ದೋಣಿಗೂ ಪುಕ್ಕಟೆ ಸಿಕ್ಕಿತು. ಹಡಗಿಗೆ ಮಾತ್ರ ಕಾಣಲಿ, ದೋಣಿಗೆ ಬೇಡ ಅಂತ ಬೆಳಕನ್ನ ತಡೆಯೋಕೆ ಆಗುತ್ತಾ? ಲಾಗಿನ್ ಇಲ್ಲ, ಸಬ್‌ಸ್ಕ್ರಿಪ್ಷನ್ ಇಲ್ಲ.

ಹಾಗಾದ್ರೆ ಜಿಪಿಎಸ್?

ಜಿಪಿಎಸ್ ಅದ್ಭುತ, ಅನುಮಾನವೇ ಇಲ್ಲ. ಆದರೆ ಅದರ ಸಿಗ್ನಲ್ ಸುಮಾರು 20,000 ಕಿಲೋಮೀಟರ್ ಮೇಲಿಂದ ಬರುತ್ತೆ. ನಮ್ಮನ್ನ ಮುಟ್ಟೋ ಹೊತ್ತಿಗೆ ಬಹಳ ಕ್ಷೀಣ. ಸಣ್ಣ ಜಾಮರ್ ಅದನ್ನ ಮುಳುಗಿಸಬಹುದು, ಸುಳ್ಳು ಸಿಗ್ನಲ್ ಕಳಿಸಿ ದಾರಿ ತಪ್ಪಿಸಲೂಬಹುದು. ಅದಕ್ಕಿಂತ ಸಾಮಾನ್ಯವಾದದ್ದು ಇನ್ನೊಂದಿದೆ: ಫೋನ್ ನೀರಿಗೆ ಬಿತ್ತು ಅಂದ್ರೆ ಜಿಪಿಎಸ್, ನಕ್ಷೆ, ಮನೆಗೆ ಮಾಡೋ ಕರೆ ಎಲ್ಲ ಒಟ್ಟಿಗೇ ಹೋಯ್ತು. ಬ್ಯಾಕಪ್ ಅನ್ನೋದು ಮೂಲದ ಜೊತೆಗೇ ಕೆಡಬಾರದು. ಒಂದೇ ಸರ್ವರಿನಲ್ಲಿ ಎರಡು ಕಾಪಿ ಇಟ್ಟರೆ ಅದು ಬ್ಯಾಕಪ್ ಅಲ್ಲ ಅಂತ ನಮಗೆಲ್ಲ ಗೊತ್ತು. ದೀಪಸ್ತಂಭ ಕೆಡಬಹುದು, ಆದರೆ ಫೋನ್ ಕೆಟ್ಟ ಕಾರಣಕ್ಕೆ ಕೆಡಲ್ಲ. ಆ ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ.

ಆಗಸ್ಟ್ ಶುರುವಿನಲ್ಲಿ, ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಯಾಂತ್ರಿಕ ದೋಣಿಗಳು ಮತ್ತೆ ಕಡಲಿಗೆ ಇಳಿಯುತ್ತವೆ. ಆಗಿನ್ನೂ ಮೋಡ, ಗಾಳಿ ಪೂರ್ತಿ ಬಿಟ್ಟಿರಲ್ಲ. ಆ ರಾತ್ರಿಗಳಲ್ಲಿ ಈ ದೀಪದ ಬೆಲೆ ಏನು ಅಂತ ಕಡಲಿಗೆ ಹೋಗುವವರ ಮನೆಯವರನ್ನು ಕೇಳಬೇಕು.

ಮುಂದಿನ ಸಲ ಕಾಪುವಿಗೆ ಹೋದಾಗ ಸೂರ್ಯಾಸ್ತದ ಫೋಟೊ ತೆಗೆದ ತಕ್ಷಣ ಕಾರು ಹತ್ತಬೇಡಿ. ಕತ್ತಲಾಗೋವರೆಗೆ ಮರಳಲ್ಲಿ ಕೂತು, ಸ್ಟಾಪ್‌ವಾಚ್ ಹಾಕಿ ಆ ದೀಪದ ತಾಳ ಎಣಿಸಿ. ಮಕ್ಕಳಿದ್ದರೆ ಅವರ ಕೈಲೇ ಎಣಿಸಿ. ಎಷ್ಟು ಸೆಕೆಂಡು ಬಂತು ಅಂತ ನನಗೂ ತಿಳಿಸಿ.